ಟಿಎಚ್‌ಸಿ ನಮ್ಮ ದೇಹದ ಕ್ಯಾನಬಿನಾಯ್ಡ್‌ಗೆ ಬದಲಿಯಾದೀತೇ?

ಪರ

ಆದೀತು. ಮದ್ದಾಗಿ ಈಗಾಗಲೇ ಆಗಿದೆ.

ಗಾಂಜಾದಲ್ಲಿ ಅಮಲು ತರುವ ಟಿಎಚ್‌ಸಿ ಎಂಬ ರಾಸಾಯನಿಕವನ್ನು ರಫೇಲ್ ಮೆಶುಲಮ್ ಮತ್ತು ಯೆಹಿಯೆಲ್ ಗಾವೋನಿ ಇಸ್ರೇಲಿನಲ್ಲಿ ಬೇರ್ಪಡಿಸಿದ್ದು 1964ರಲ್ಲಿ. ಅದು ಹೋಗಿ ಕೂರುವ ಸಿಬಿ1 ಗ್ರಾಹಕ (ನರಕೋಶದ ಮೇಲೆ ರಾಸಾಯನಿಕ ಸಂದೇಶ ಪಡೆಯುವ ಪ್ರೋಟೀನು) ನಮ್ಮ ಮಿದುಳಿನಲ್ಲೇಕಿದೆ ಎಂದು ಹುಡುಕುತ್ತಾ ಹೋದಾಗ, 1992ರಲ್ಲಿ ಹಂದಿಯ ಮಿದುಳಿನಲ್ಲಿ ಆನಂದಮೈಡ್ ಸಿಕ್ಕಿತು: ದೇಹವೇ ತಯಾರಿಸಿ ಆ ಗ್ರಾಹಕದಲ್ಲಿ ಕೂರಿಸುವ ಕ್ಯಾನಬಿನಾಯ್ಡ್. ರಚನೆಯಲ್ಲಿ ಎರಡಕ್ಕೂ ಸಂಬಂಧವಿಲ್ಲ. ಆದರೂ ಸಿಬಿ1 ಗ್ರಾಹಕವನ್ನು ಎರಡೂ ಭಾಗಶಃ ಮಾತ್ರ ಪ್ರಚೋದಿಸುತ್ತವೆ.

ಹಾಗಿದ್ದರೆ ಆನಂದಮೈಡನ್ನೇ ಕೊಡಬಹುದಲ್ಲ? ಎಫ್‌ಎಎಎಚ್ ಎಂಬ ಕಿಣ್ವ ಅದನ್ನು ನಿಮಿಷಗಳಲ್ಲಿ ಒಡೆದುಬಿಡುತ್ತದೆ. ಆ ಕಿಣ್ವವನ್ನೇ ಕಟ್ಟಿಹಾಕಲು ಹೊರಟ ಬಿಐಎ 10-2474 ಎಂಬ ಮದ್ದಿನ ಪರೀಕ್ಷೆಯಲ್ಲಿ, 2016ರ ಜನವರಿಯಲ್ಲಿ ಫ್ರಾನ್ಸಿನ ರೆನ್‌ನಲ್ಲಿ ಒಬ್ಬ ಸ್ವಯಂಸೇವಕ ತೀರಿಕೊಂಡರು. ಅದು ಬೇರೆ ಕಿಣ್ವಗಳಿಗೂ ಅಂಟಿಕೊಳ್ಳುತ್ತಿತ್ತೆಂದು ಆಮೇಲೆ ತಿಳಿಯಿತು. ಇತ್ತ ಪ್ರಯೋಗಾಲಯದಲ್ಲಿ ತಯಾರಿಸಿದ ಟಿಎಚ್‌ಸಿ, ಅಂದರೆ ಡ್ರೊನಾಬಿನಾಲ್, 1985ರಿಂದಲೂ ಅಮೆರಿಕದಲ್ಲಿ ಬಳಕೆಯಲ್ಲಿದೆ. ಬೇರೆ ಮದ್ದಿಗೆ ಬಗ್ಗದ ಕಿಮೋಥೆರಪಿಯ ವಾಂತಿಗೆ ಅದನ್ನು ಕೊಡುತ್ತಾರೆ.

ವಿರೋಧ

ಒಂದೇ ಗ್ರಾಹಕದಲ್ಲಿ ಕೂತ ಮಾತ್ರಕ್ಕೆ ಒಂದೇ ಕೆಲಸವಾಗುವುದಿಲ್ಲ. ಆನಂದಮೈಡ್ ಜೊತೆಗಷ್ಟೇ ಹೋಲಿಸುವವರು ದೇಹದ ಇನ್ನೊಂದು ಕ್ಯಾನಬಿನಾಯ್ಡ್ ಆದ 2-ಎಜಿಯನ್ನು ಮರೆಯುತ್ತಾರೆ. ಮಿದುಳಿನಲ್ಲಿ ಅದರ ಪ್ರಮಾಣ ಆನಂದಮೈಡಿಗಿಂತ ಎಷ್ಟೋ ಹೆಚ್ಚು, ಮತ್ತು ಅದು ಸಿಬಿ1 ಅನ್ನು ಪೂರ್ಣವಾಗಿ ಪ್ರಚೋದಿಸುತ್ತದೆ. ಸಂದೇಶದ ಅಬ್ಬರ ಹೆಚ್ಚಾದಾಗ, ಸಂದೇಶ ಪಡೆಯುವ ನರಕೋಶವೇ ತನ್ನ ಪೊರೆಯ ಕೊಬ್ಬಿನಿಂದ 2-ಎಜಿ ತಯಾರಿಸಿ, ಕಳಿಸಿದ ಕೋಶಕ್ಕೆ ಹಿಂದಕ್ಕೆ ಬಿಟ್ಟು ‘ಸಾಕು’ ಎನ್ನುತ್ತದೆ. ಕೆಲಸ ಮುಗಿದೊಡನೆ ಎಂಎಜಿಎಲ್ ಕಿಣ್ವ ಅದನ್ನು ಒಡೆಯುತ್ತದೆ. ಬೇಕಾದ ಜಾಗದಲ್ಲಿ, ಬೇಕಾದಷ್ಟೇ ಹೊತ್ತು.

ಟಿಎಚ್‌ಸಿಗೆ ಈ ಅಂಕೆ ಯಾವುದೂ ಇಲ್ಲ. ನೆನಪು, ಹಸಿವು, ಭಯ, ಚಲನೆ ಎಲ್ಲವನ್ನೂ ಒಟ್ಟಿಗೆ ತಟ್ಟುತ್ತದೆ, ಗಂಟೆಗಟ್ಟಲೆ ಉಳಿಯುತ್ತದೆ. 2-ಎಜಿ ಕೂರಬೇಕಾದ ಜಾಗವನ್ನು ತಾನು ಹಿಡಿದು, ಅದಕ್ಕೇ ಅಡ್ಡಿಯಾಗುವುದೂ ಉಂಟು. ಬಾಯಿಂದ ಹೋದರೆ ಇನ್ನೂ ತೊಡಕು: ಯಕೃತ್ತು ಅದನ್ನು 11-ಹೈಡ್ರಾಕ್ಸಿ-ಟಿಎಚ್‌ಸಿಯಾಗಿ ಬದಲಿಸುತ್ತದೆ, ಅದಕ್ಕೂ ಅಮಲಿದೆ. ಭಂಗಿ ಕುಡಿದವರಿಗೆ ಅಮಲು ಏರಲು ಒಂದೆರಡು ಗಂಟೆ ಬೇಕಾಗಬಹುದು. ‘ಏನೂ ಆಗಲಿಲ್ಲ’ ಎಂದು ಇನ್ನೊಂದು ಲೋಟ ಏರಿಸಿದವರೇ ಎದೆಬಡಿತ, ಭಯ ಎಂದು ಆಸ್ಪತ್ರೆ ಸೇರುವುದು.

ದಿನನಿತ್ಯ ಗಾಂಜಾ ಸೇದುವವರ ಮಿದುಳಿನಲ್ಲಿ ಸಿಬಿ1 ಗ್ರಾಹಕಗಳು ಕಡಿಮೆಯಾಗಿರುವುದು ಪೆಟ್ ಸ್ಕ್ಯಾನ್‌ನಲ್ಲಿ ಕಂಡಿದೆ. ಬಿಟ್ಟು ಸುಮಾರು ನಾಲ್ಕು ವಾರಕ್ಕೆ ಅವು ಬಹುಮಟ್ಟಿಗೆ ಮರಳುತ್ತವೆ. ಅಲ್ಲಿಯವರೆಗೆ ದೇಹ ತಾನೇ ತಯಾರಿಸಿದ ಆನಂದಮೈಡಿಗೂ ಕೂರಲು ಜಾಗ ಸಾಲದು. ನಿದ್ದೆ ಬಾರದು, ಊಟ ಸೇರದು.