ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್: ಮೂವತ್ತು ಸಾವಿರ ಕೊಟ್ಟು ಕೊಳ್ಳಬೇಕೇ?

ಪರ

ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತ ಬಸ್ಸಿನ ಎಂಜಿನ್ ಒಂದೇ ಸಮನೆ ಗುರುಗುಟ್ಟುತ್ತಿರುತ್ತದೆ. ಸಾಧಾರಣ ಇಯರ್‌ಫೋನಿನಲ್ಲಿ ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಣ ಹಾಕಿದರೆ ಅವರ ತಾನ ಕೇಳುತ್ತದೆ, ಹಿಂದಿನ ತಂಬೂರಿ ಮಾಯ. ತಂಬೂರಿಯ ಖರಜದ ತಂತಿಯೂ ಡೀಸೆಲ್ ಎಂಜಿನ್ನೂ ಹೆಚ್ಚುಕಡಿಮೆ ಒಂದೇ ತಗ್ಗಿನ ಸ್ಥಾಯಿಯಲ್ಲಿ ಮೊಳಗುವಂಥವು, ಜೋರಿನದು ಮೆಲ್ಲಗಿನದನ್ನು ನುಂಗಿಬಿಡುತ್ತದೆ. ಹೊರಗಿನ ಸದ್ದನ್ನು ಅಡಗಿಸುವ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಹಾಕಿ ಗುಂಡಿ ಒತ್ತಿದಿರೋ, ಎಂಜಿನ್ ದೂರ ಸರಿದು ತಂಬೂರಿ ಎದ್ದು ಬರುತ್ತದೆ. ತಬಲಾದ ಡಗ್ಗಾ ಕೂಡ. ವಾಲ್ಯೂಮ್ ಮುಟ್ಟಬೇಕಾಗಿಯೇ ಇಲ್ಲ.

ನನ್ನ ವಾದವೆಲ್ಲ ಈ ವಾಲ್ಯೂಮಿನ ಮೇಲೆಯೇ ನಿಂತಿದೆ. ಗದ್ದಲದಲ್ಲಿ ಹಾಡು ಕೇಳುವವರು ಗದ್ದಲವನ್ನು ಮೀರಿಸಲು ವಾಲ್ಯೂಮ್ ಏರಿಸುತ್ತಾರೆ, ಎಲ್ಲರೂ ಮಾಡುವುದು ಅದನ್ನೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ ಆದರೆ ಬರೀ 4 ಗಂಟೆ. ಬಸ್ಸಿನ ಗದ್ದಲದ ಮೇಲೆ ಹಾಡು ತೇಲಿಸುವವರು ಆ ನಾಲ್ಕು ಗಂಟೆಯನ್ನು ಬುಧವಾರದೊಳಗೇ ಮುಗಿಸಿರುತ್ತಾರೆ. ಹಿಂದಿನ ಗುಂಯ್‌ಗುಡುವಿಕೆ ಇಳಿದರೆ ಹಾಡೂ ಇಳಿದ ದನಿಯಲ್ಲೇ ಸಾಕಾಗುತ್ತದೆ. ಇದನ್ನು ಶೋಕಿ ಎನ್ನುವವರು ಕಿವಿಯ ಡಾಕ್ಟರ ಹತ್ತಿರ ಒಮ್ಮೆ ಕೂತು ಮಾತಾಡಲಿ.

ಇದು ಮೊನ್ನೆ ಮೊನ್ನೆ ಹುಟ್ಟಿದ ಜಾದೂ ಅಲ್ಲ. ಸದ್ದಿನ ಅಲೆಗೆ ಅದರದೇ ತಲೆಕೆಳಗಾದ ಅಲೆಯನ್ನು ಕೂಡಿಸಿ ಅಡಗಿಸುವ ಉಪಾಯಕ್ಕೆ ಜರ್ಮನಿಯ ಪೌಲ್ ಲೂಯೆಗ್ 1936ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದ. ಅದನ್ನು ತಲೆಯ ಮೇಲೆ ಕೂರಿಸುವ ಯೋಚನೆ ಬೋಸ್ ಕಂಪನಿ ಕಟ್ಟಿದ ಅಮರ್ ಬೋಸ್ ಅವರಿಗೆ ಬಂದದ್ದು 1978ರಲ್ಲಿ, ಯುರೋಪಿನಿಂದ ಅಮೆರಿಕಕ್ಕೆ ವಾಪಸಾಗುವಾಗ. ವಿಮಾನದಲ್ಲಿ ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ ಸದ್ದು ಬಿಟ್ಟು ಬೇರೇನೂ ಕೇಳಿಸದೆ, ಅಲ್ಲೇ ಕೂತು ಲೆಕ್ಕ ಹಾಕತೊಡಗಿದರಂತೆ. (ಅವರ ತಂದೆ ಬ್ರಿಟಿಷರ ಕಣ್ಣು ತಪ್ಪಿಸಿ ಅಮೆರಿಕ ಸೇರಿದ ಬಂಗಾಳಿ ಸ್ವಾತಂತ್ರ್ಯ ಹೋರಾಟಗಾರ. ನಮ್ಮವರು ಎಂದು ಹೇಳಿಕೊಳ್ಳಲು ನಮಗೆ ಇಷ್ಟು ಸಾಕು.) ಪೈಲಟ್‌ಗಳಿಗೆ ಅದು 1989ರಲ್ಲಿ ಸಿಕ್ಕಿತು, ಪ್ರಯಾಣಿಕರ ಕೈಗೆ ಬರಲು 2000 ಆಯಿತು. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ಅಮ್ಮನ ಕೈಗೆ ಚಟ್ನಿಪುಡಿ ಡಬ್ಬಿಯ ಜೊತೆ ಇದೊಂದನ್ನು ಕೊಟ್ಟು ಕಳಿಸಿ. ಹಾಡು ಹಾಕಬೇಕೆಂದೇ ಇಲ್ಲ, ಸುಮ್ಮನೆ ಕಿವಿಗೆ ಹಾಕಿಕೊಂಡು ಗುಂಡಿ ಒತ್ತಿದರಾಯಿತು. ಹದಿನೈದು ಗಂಟೆ ತಲೆಯೊಳಗೆ ಕೊರೆಯುವ ಸದ್ದು ಇಲ್ಲದಿದ್ದರೆ ಇಳಿದ ಮೇಲಿನ ಸುಸ್ತು ಎಷ್ಟೋ ಕಡಿಮೆ.

ಆಫೀಸಿನ ಕತೆ ಎಲ್ಲರಿಗೂ ಗೊತ್ತಿರುವುದೇ. ಗೋಡೆ ಇಲ್ಲದ ಹಾಲ್, ತಲೆಯ ಮೇಲೆ ಏಸಿಯ ಭೋರು. ಈ ಹೆಡ್‌ಫೋನ್ ಆ ಭೋರನ್ನು ಅಡಗಿಸುತ್ತದೆ, ಒಮ್ಮೆಲೇ ಲ್ಯಾಪ್‌ಟಾಪಿಗೂ ಫೋನಿಗೂ ಜೋಡಿಕೊಳ್ಳುತ್ತದೆ. 30 ಗಂಟೆ ಬ್ಯಾಟರಿ ಎಂದರೆ ವಾರಕ್ಕೊಂದೆರಡು ಸಲ ಚಾರ್ಜ್. ತಲೆಗೆ ಹೆಡ್‌ಫೋನ್ ಇದೆಯೆಂದರೆ ಪಕ್ಕದವರು ಚಹಾಕ್ಕೆ ಕರೆಯುವ ಮುಂಚೆ ಒಂದು ಕ್ಷಣ ಯೋಚಿಸುತ್ತಾರೆ. ಆ ಒಂದು ಕ್ಷಣಕ್ಕೇ ಅರ್ಧ ಬೆಲೆ ಕೊಡಬಹುದು.

ವಿರೋಧ

ವಿಮಾನದ ಮಾತು ಒಪ್ಪಿದೆ. ಅದು ಹುಟ್ಟಿದ್ದೇ ವಿಮಾನಕ್ಕೆ. ಆದರೆ ವರ್ಷಕ್ಕೊಮ್ಮೆಯೂ ವಿಮಾನ ಹತ್ತದವರು ಅದಕ್ಕೆಂದು ದುಡ್ಡು ಸುರಿಯುವುದೇಕೆ? ನಮ್ಮ ಗದ್ದಲದ ಜಾತಿಯೇ ಬೇರೆ.

ಸ್ವಲ್ಪ ಲೆಕ್ಕ ನೋಡಿ. 100 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ ನೂರು ಸಲ ಕಂಪಿಸುವ ತಗ್ಗಿನ ಸದ್ದಿನ ಒಂದು ಅಲೆ ಗಾಳಿಯಲ್ಲಿ ಸುಮಾರು ಮೂರೂವರೆ ಮೀಟರ್ ಉದ್ದ. ಅಷ್ಟು ಉದ್ದದ ಅಲೆಗೆ ಎದುರಲೆ ಹೊಂದಿಸಲು ಹೆಡ್‌ಫೋನಿನೊಳಗಿನ ಚಿಪ್‌ಗೆ ಬೇಕಾದಷ್ಟು ಪುರುಸೊತ್ತಿದೆ. 3000 ಹರ್ಟ್ಸ್‌ನ ಅಲೆ ಗೇಣಿಗಿಂತ ಚಿಕ್ಕದು, ಹನ್ನೊಂದು ಸೆಂಟಿಮೀಟರ್. ಕಿವಿಯ ಮುಂದೆ ಹೆಡ್‌ಫೋನ್ ಒಂದಿಷ್ಟು ಸರಿದರೂ, ಚಿಪ್ ಕೂದಲೆಳೆಯಷ್ಟು ತಡ ಮಾಡಿದರೂ ಹೊಂದಾಣಿಕೆ ತಪ್ಪುತ್ತದೆ. ಹಾಗಾಗಿ ಎತ್ತರದ ಸದ್ದುಗಳನ್ನು ತಡೆಯುವುದು ಚಿಪ್ ಅಲ್ಲ, ಬರೀ ಕಿವಿಯ ಸುತ್ತಲಿನ ಮೆತ್ತೆ. ಈಗ ನಮ್ಮನ್ನು ಕಾಡುವ ಸದ್ದುಗಳನ್ನು ಎಣಿಸಿ: ಬೈಕಿನ ಕೀರಲು ಹಾರ್ನ್, ಕುಕ್ಕರ್ ಸೀಟಿ, ಮಗುವಿನ ಅಳು, ಗ್ರೈಂಡರ್ ಕಟರ್, ಹಿಂದಿನ ಸೀಟಿನವರ ಫೋನ್ ಸಂಭಾಷಣೆ. ಇವು ಮಂಕಾಗುತ್ತವೆ, ಹೋಗುವುದಿಲ್ಲ. ಎಷ್ಟೋ ಸಲ ಹಿನ್ನೆಲೆಯ ಗುಂಯ್ ಮಾತ್ರ ಅಳಿದು ಆ ಫೋನ್ ಸಂಭಾಷಣೆ ಇನ್ನೂ ಸ್ಪಷ್ಟವಾಗುತ್ತದೆ! ಗೃಹಪ್ರವೇಶದ ಊಟಕ್ಕೆ ಎಷ್ಟು ಜನ ಬಂದಿದ್ದರೆಂದು ನಮಗೂ ತಿಳಿಯುತ್ತದೆ.

ಇನ್ನು ತಲೆಯ ವಿಷಯ. ಕನ್ನಡಕ ಹಾಕುವವರಿಗೆ ಅದರ ಕಡ್ಡಿ ಮೆತ್ತೆಯ ಅಡಿಯಲ್ಲಿ ಸಂದು ಮಾಡುತ್ತದೆ, ತಗ್ಗಿನ ಸದ್ದು ಅಲ್ಲಿಂದಲೇ ನುಸುಳುತ್ತದೆ. ಅಂದರೆ ಯಂತ್ರ ಚೆನ್ನಾಗಿ ಮಾಡಬಲ್ಲ ಒಂದೇ ಕೆಲಸವೂ ಅರೆಬರೆ. ಜುಮುಕಿ ಹಾಕಿದವರಿಗೆ ಅರ್ಧ ಗಂಟೆಯಲ್ಲಿ ಕಿವಿ ಹಾಲೆ ನೋಯುತ್ತದೆ. ಕಾಲು ಕಿಲೋ ತೂಕ ಏಪ್ರಿಲ್ ಬಿಸಿಲಿನಲ್ಲಿ ಕಿವಿಗೆ ಅಂಟಿ ಕೂತಿದ್ದರೆ ಆಗುವ ಬೆವರನ್ನು ಯಾವ ರಿವ್ಯೂನಲ್ಲೂ ಬರೆಯುವುದಿಲ್ಲ, ಏಕೆಂದರೆ ರಿವ್ಯೂಗಳು ಏಸಿ ರೂಮಿನಲ್ಲಿ ತಯಾರಾಗುತ್ತವೆ. ಕೆಲವರಿಗೆ ಗುಂಡಿ ಒತ್ತಿದೊಡನೆ ಆಗುಂಬೆ ಘಾಟಿ ಇಳಿಯುವಾಗಿನಂತೆ ಕಿವಿ ಕಟ್ಟಿದ ಹಾಗಾಗುತ್ತದೆ. ನಿಜವಾಗಿ ಒಳಗಿನ ಗಾಳಿಯ ಒತ್ತಡ ಬದಲಾಗಿರುವುದಿಲ್ಲ, ಆದರೂ ತಲೆ ಭಾರ ನಿಜ. ನನ್ನ ತಂಗಿ ಈ ಕಾರಣಕ್ಕೇ ಕೊಂಡದ್ದನ್ನು ನನ್ನ ತಲೆಗೆ ಕಟ್ಟಿದಳು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮೆತ್ತೆಯ ಕೃತಕ ಚರ್ಮ ಸುಲಿಯತೊಡಗಿತು. ಕಪ್ಪು ಚೂರುಗಳು ಕೆನ್ನೆಗೆ, ಕಾಲರಿಗೆ, ಒಮ್ಮೆ ಮೊಸರನ್ನದ ತಟ್ಟೆಗೂ ಬಿದ್ದವು. ವಾರಂಟಿ ಒಂದು ವರ್ಷದ್ದು, ಅದರಲ್ಲಿ ಮೆತ್ತೆ ಸೇರಿಲ್ಲ ಎಂದರು.

ಮೆತ್ತೆ ಹೋಗಲಿ, ಬ್ಯಾಟರಿ? ಲಿಥಿಯಂ ಬ್ಯಾಟರಿ ಬಳಸಿದಷ್ಟೂ ಸವೆಯುತ್ತದೆ. ಅದನ್ನು ಬದಲಿಸುವುದು ಟಿವಿ ರಿಮೋಟಿಗೆ ಸೆಲ್ ಹಾಕಿದಷ್ಟು ಸುಲಭವಲ್ಲ. ಅಪ್ಪನ ಕಾಲದ ತಂತಿಯ ಹೆಡ್‌ಫೋನ್ ಇವತ್ತಿಗೂ ಹಾಡುತ್ತದೆ. ಇದರೊಳಗಿರುವುದು ಸಾಫ್ಟ್‌ವೇರ್ ಆದ್ದರಿಂದ ಇನ್ನೊಂದು ತಲೆನೋವು. 2019ರಲ್ಲಿ ಬೋಸ್ ಕಂಪನಿಯ ಕ್ಯೂಸಿ35 ಹೆಡ್‌ಫೋನ್ ಬಳಸುವ ಎಷ್ಟೋ ಜನ ಅಪ್‌ಡೇಟ್ ಆದ ಮೇಲೆ ಸದ್ದು ತಡೆಯುವ ಶಕ್ತಿ ಕುಗ್ಗಿದೆ ಎಂದು ದೂರಿದರು. ಕಂಪನಿ ಪರೀಕ್ಷೆ ನಡೆಸಿ, ಅಪ್‌ಡೇಟ್‌ನಿಂದ ಹಾಗಾಗಿಲ್ಲ ಎಂದಿತು. ಯಾರು ಸರಿಯೋ, ಕೊಂಡವರಿಗೆ ಮಾತ್ರ ರಾತ್ರೋರಾತ್ರಿ ತಮ್ಮ ವಸ್ತುವಿನ ಮೇಲೆ ಅನುಮಾನ ಹುಟ್ಟಿತು.

ನನಗೆ ಇದಕ್ಕಿಂತ ದೊಡ್ಡ ತಕರಾರು ಬೇರೆ ಇದೆ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಮೀರಬಾರದು ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಬಸ್ಸಿನಲ್ಲಿ ಮೊಬೈಲ್ ಸ್ಪೀಕರ್ ಜೋರು ಮಾಡಬಾರದೆಂದು 2021ರಲ್ಲಿ ಕೆಎಸ್‌ಆರ್‌ಟಿಸಿ ಸೂಚನೆ ಹೊರಡಿಸಿತು, ಕೇಳದವರನ್ನು ಕೆಳಗಿಳಿಸಬಹುದು ಎಂದೂ ಹೇಳಿತು. ಕಂಡಕ್ಟರಿಗೆ ಹೇಳುವವರು ಬೇಕಲ್ಲ? ದನಿಯೆತ್ತಿ ಹೇಳಬಲ್ಲವರು, ಇಂಗ್ಲಿಷಿನಲ್ಲಿ ದೂರು ಬರೆಯಬಲ್ಲವರು, ಎಲ್ಲರೂ ಮೂವತ್ತು ಸಾವಿರದ ಹೆಡ್‌ಫೋನಿನೊಳಗೆ ಕಣ್ಣು ಮುಚ್ಚಿ ಕೂತಿದ್ದಾರೆ. ಅದನ್ನು ಕೊಳ್ಳಲಾಗದ ಗಾರ್ಮೆಂಟ್ಸ್ ಹೆಂಗಸರು ಪಕ್ಕದವನ ರೀಲ್ಸ್ ಕೇಳುತ್ತಾ ಪೀಣ್ಯದವರೆಗೂ ನಿಲ್ಲುತ್ತಾರೆ. ಸದ್ದು ಮಾಡುವವನಿಗೆ ಖರ್ಚಿಲ್ಲ, ಕೇಳುವವನಿಗೆ ಇಎಂಐ.

ನಿದ್ದೆಗೆ, ಓದಿಗೆ ಬೇಕೆಂದರೆ ಔಷಧದ ಅಂಗಡಿಯಲ್ಲಿ ಫೋಮ್ ಇಯರ್‌ಪ್ಲಗ್ ಸಿಗುತ್ತದೆ. ಹಿಂಡಿ ಸರಿಯಾಗಿ ಒಳಗೆ ಕೂರಿಸಿದರೆ ಮಾತು, ಹಾರ್ನುಗಳನ್ನು ಅದು ಈ ಯಂತ್ರಗಳಿಗಿಂತ ಚೆನ್ನಾಗಿಯೇ ತಗ್ಗಿಸುತ್ತದೆ. ಇಷ್ಟಾಗಿಯೂ ಕೊಳ್ಳುತ್ತೀರಾದರೆ ಅಂಗಡಿಯೊಳಗೆ ಕಿವಿಗಿಟ್ಟು ನೋಡಿ ಬೆರಗಾಗಬೇಡಿ. ಅಲ್ಲಿರುವುದು ಏಸಿಯ ಭೋರು, ಅದನ್ನು ಅಗ್ಗದ್ದೂ ಅಡಗಿಸುತ್ತದೆ. ಕನ್ನಡಕ ತೆಗೆಯದೆ, ಓಲೆ ಬಿಚ್ಚದೆ, ಸೇಲ್ಸ್‌ನವನನ್ನು ಜೊತೆಗೆ ಕರೆದುಕೊಂಡು ರಸ್ತೆಗೆ ಬಂದು ಐದು ನಿಮಿಷ ನಿಂತು ಕೇಳಿ.