ಹತ್ತಿ ಗಟ್ಟಿಯಾಗಿ ತುರುಕಿದರೆ ಟ್ಯಾಂಕ್ ಸೋರುವುದಿಲ್ಲವೇ? ಒಂದು ಸ್ಪಷ್ಟನೆ

ಇ-ಸಿಗರೇಟಿನ ರೀಬಿಲ್ಡಬಲ್ ಟ್ಯಾಂಕ್ (ಕಾಯಿಲ್, ಹತ್ತಿ ನಾವೇ ಕೂರಿಸುವ ಲಿಕ್ವಿಡ್ ಟ್ಯಾಂಕ್) ಹೊಸದಾಗಿ ಕಟ್ಟುವವರ ನಡುವೆ ಒಂದು ಸಲಹೆ ಓಡಾಡುತ್ತಿದೆ: ಹತ್ತಿ ಗಟ್ಟಿಯಾಗಿ ತುರುಕಿ, ಸೋರುವುದಿಲ್ಲ; ವಿಜಿ (ವೆಜಿಟೆಬಲ್ ಗ್ಲಿಸರಿನ್) ಜಾಸ್ತಿ ಇರುವ ಲಿಕ್ವಿಡ್ ಯಾವ ಟ್ಯಾಂಕ್‌ಗಾದರೂ ಸರಿ. ಎರಡೂ ತಪ್ಪು.

ಹತ್ತಿ ಒದ್ದೆಯಾದರೆ ಉಬ್ಬುತ್ತದೆ. ಒಣಗಿದ್ದಾಗಲೇ ಜಾಗವೆಲ್ಲ ಭರ್ತಿಯಾದರೆ ಲಿಕ್ವಿಡ್ ಹರಿಯಲು ದಾರಿ ಎಲ್ಲಿದೆ? ಕಾಯಿಲ್ (ಲಿಕ್ವಿಡ್ ಕಾಯಿಸುವ ತಂತಿಯ ಸುರುಳಿ) ಒಳಗೆ ಹತ್ತಿ ಎಳೆಯುವಾಗ ಸ್ವಲ್ಪ ಬಿಗಿ ಅನಿಸಬೇಕು, ಆದರೆ ಕಾಯಿಲ್‌ನ ಸುತ್ತುಗಳು ಬಾಗಬಾರದು. ತುದಿಗಳನ್ನು ಸೂಜಿಯಿಂದ ಬಾಚಿ ಸಡಿಲ ಮಾಡಿ. ಲಿಕ್ವಿಡ್ ಬರುವ ಕಂಡಿಯನ್ನು ಹಗುರವಾಗಿ ಮುಚ್ಚುವಷ್ಟು ಇಳಿಸಿದರೆ ಸಾಕು, ಸುಮ್ನೆ ಒಳಗೆ ಅದುಮಬೇಡಿ. ಹತ್ತಿ ತೀರಾ ಕಡಿಮೆಯಾದರೆ ಸೋರುತ್ತದೆ, ಅದು ನಿಜ. ಸಲಹೆ ಹುಟ್ಟಿದ್ದೂ ಅಲ್ಲಿಂದಲೇ ಇರಬೇಕು.

ವಿಜಿ ಮಂದವಾದದ್ದು. ಪಿಜಿ, ಅಂದರೆ ಪ್ರೊಪಿಲೀನ್ ಗ್ಲೈಕಾಲ್, ತೆಳು. ಸಣ್ಣ ಕಂಡಿಯ ಟ್ಯಾಂಕ್‌ಗೆ ಎರಡೂ ಸಮವಾಗಿರುವ 50/50 ಲಿಕ್ವಿಡ್ ಸುಲಭವಾಗಿ ಹರಿಯುತ್ತದೆ. 70% ವಿಜಿ ಇದ್ದರೆ ಕಂಡಿ ದೊಡ್ಡದಿರಬೇಕು, ಹತ್ತಿ ಇನ್ನಷ್ಟು ಸಡಿಲವಿರಬೇಕು. ಅಡುಗೆ ಎಣ್ಣೆ, ಸುಗಂಧದ ಎಣ್ಣೆ ಯಾವತ್ತೂ ಬೇಡ, ಶ್ವಾಸಕೋಶಕ್ಕೆ ಅಪಾಯ.

ಕಾಯಿಲ್ ಬಿಸಿ ಮಾಡುವ ಮೊದಲು ಹತ್ತಿಯನ್ನು ಪೂರ್ತಿ ನೆನೆಸಿ, ಟ್ಯಾಂಕ್ ತುಂಬಿ ಐದು ನಿಮಿಷ ಬಿಡಿ. ದಮ್ ಎಳೆದ ಮೇಲೆ ಟ್ಯಾಂಕ್‌ನಲ್ಲಿ ಗುಳ್ಳೆ ಏಳುತ್ತಿದ್ದರೆ ಲಿಕ್ವಿಡ್ ಹರಿಯುತ್ತಿದೆ ಅಂತ ಅರ್ಥ. ಸುಟ್ಟ ರುಚಿ ಬಂತಾ? ಅಲ್ಲೇ ನಿಲ್ಲಿಸಿ. ಹತ್ತಿ ಒಣಗಿ ಅತಿಯಾಗಿ ಕಾದಾಗ ಫಾರ್ಮಾಲ್ಡಿಹೈಡ್‌ನಂಥ ವಿಷ ಜಾಸ್ತಿ ಹುಟ್ಟುತ್ತದೆ. ಸಹಿಸಿಕೊಂಡು ಎಳೆಯಬೇಡಿ, ಹತ್ತಿ ಬದಲಿಸಿ.