ಎಸ್2000ದ ಕಂಪನಿ ರಿಮ್ಮಿಗೆ ಹಿಂದೆ 255 ಟೈರ್ ಹಾಕಬಹುದೇ?

ಪರ: ಹೋಂಡಾನೇ ಹಾಕಿ ಮಾರಿದೆ

ಎರಡು ಸೀಟಿನ ಸ್ಪೋರ್ಟ್ಸ್ ಕಾರಾದ ಎಸ್2000ದ ಹಿಂಬದಿಗೆ ಇನ್ನಷ್ಟು ಅಗಲದ ಟೈರ್ ಬೇಕೆಂದು ಮೊದಲು ಒಪ್ಪಿದ್ದು ಹೋಂಡಾನೇ. ಆರಂಭದ ಕಾರುಗಳಲ್ಲಿ ಹಿಂದೆ 225/50 ಆರ್16 ಇತ್ತು (225 ಮಿ.ಮೀ. ಅಗಲ, ಗೋಡೆಯ ಎತ್ತರ ಅಗಲದ ಶೇ. 50, ರಿಮ್ಮಿನ ವ್ಯಾಸ 16 ಇಂಚು). ತಿರುವಿನ ನಡುವೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಬಾಲ ಥಟ್ಟನೆ ಹೊರಕ್ಕೆ ಬೀಸುತ್ತಿತ್ತು. 2004ರ ಮಾದರಿಗೆ ಸಸ್ಪೆನ್ಷನ್ ತಿದ್ದಿ, ಹಿಂದೆ 8.5 ಇಂಚಿನ ರಿಮ್ಮಿಗೆ 245/40 ಆರ್17 ಕೊಟ್ಟರು. ಅಮೆರಿಕದಲ್ಲಿ 2008ರ ಮಾದರಿಯಾಗಿ ಬಂದ, ರೇಸ್ ಟ್ರ್ಯಾಕ್‌ಗೆಂದೇ ಹದಮಾಡಿದ ಸಿಆರ್‌ಗೆ ಅಷ್ಟೇ ಅಗಲದ ರಿಮ್ಮಿನ ಮೇಲೆ 255/40 ಆರ್17 ಕೂರಿಸಿದರು. ಹಾಗಾಗಿ ಇದೇನು ಗ್ಯಾರೇಜಿನವರ ಹುಚ್ಚಾಟವಲ್ಲ.

255/40ಕ್ಕೆ ಒಪ್ಪುವ ರಿಮ್ 8.5ರಿಂದ 10 ಇಂಚು. ವ್ಯಾಸ 628ರಿಂದ 636 ಮಿ.ಮೀ.ಗೆ ಏರುತ್ತದೆ, ಅಂದರೆ ಸುಮಾರು ಶೇ. 1.3. ಸ್ಪೀಡೋಮೀಟರ್ ಅಷ್ಟೇ ಕಡಿಮೆ ತೋರಿಸುತ್ತದೆ, ಗೇರ್ ಅಷ್ಟೇ ಉದ್ದವಾಗುತ್ತದೆ (ಎಂಜಿನ್ ಅಷ್ಟೇ ಸುತ್ತಿದರೂ ಕಾರು ತುಸು ಹೆಚ್ಚು ದೂರ ಸಾಗುತ್ತದೆ). ಕೂತು ಓಡಿಸುವವರಿಗೆ ಗೊತ್ತೂ ಆಗದು.

ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಕಾರನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಕೆಳಗಿನ ಆರ್ಮ್‌ಗೆ ಜಾಕ್ ಕೊಟ್ಟು ಚಕ್ರವನ್ನು ಮೇಲಕ್ಕೆ ಒತ್ತಿ. ಕೈಯಲ್ಲಿ ತಿರುಗಿಸುತ್ತ ಮೂರು ಜಾಗ ನೋಡಿ: ಫೆಂಡರ್‌ನ ಒಳಮಡಿಕೆ, ಬಂಪರ್ ಫೆಂಡರಿಗೆ ಸೇರುವ ಮೂಲೆ, ಒಳಗಡೆ ಶಾಕ್ ಅಬ್ಸಾರ್ಬರ್. ಎಲ್ಲೂ 5 ಮಿ.ಮೀ.ಗಿಂತ ಕಡಿಮೆ ಸಂದು ಇರಬಾರದು. ಕಾರನ್ನು ತಗ್ಗಿಸಿದ್ದರೆ ತಗುಲುವುದು ಸಾಮಾನ್ಯವಾಗಿ ಮೊದಲೆರಡು ಕಡೆ. ನಟ್‌ಗಳನ್ನು 108 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿ, ಸ್ವಲ್ಪ ಓಡಿಸಿದ ಮೇಲೆ ಮತ್ತೊಮ್ಮೆ ನೋಡಿ. ಗಾಳಿ ಕಂಪನಿ ಹೇಳಿದ 32 ಪಿಎಸ್‌ಐನಿಂದ ಶುರುವಾಗಲಿ. ಟೈರಿನ ಅಡ್ಡಕ್ಕೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು ನೇರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿದರೆ, ನಡುವೆ ಮಾತ್ರ ಅಳಿಸಿದಲ್ಲಿ ಗಾಳಿ ಒಂದೆರಡು ಪಿಎಸ್‌ಐ ಇಳಿಸಬೇಕೆಂದು ಅರ್ಥ.

ಮುಂದೆ 215/45 ಬದಲು 225/45 ಆರ್17 ಹಾಕಿದರೆ ಹಿಂದು-ಮುಂದಿನ ವ್ಯಾಸದ ಅನುಪಾತ ಹೆಚ್ಚುಕಡಿಮೆ ಮೊದಲಿನಂತೆಯೇ ಉಳಿಯುತ್ತದೆ. ಮುಂದಿನ 7 ಇಂಚಿನ ರಿಮ್ಮಿಗೂ ಅದು ಕೂರುತ್ತದೆ.

ವಿರೋಧ: ಸಿಆರ್‌ನ ಟೈರ್ ತಂದಿರಿ, ಉಳಿದದ್ದೆಲ್ಲಿ?

ಸಿಆರ್‌ನಲ್ಲಿ ಸ್ಪ್ರಿಂಗ್, ಶಾಕ್, ಆಂಟಿ-ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ತಗ್ಗಿಸುವ ಸರಳು) ಎಲ್ಲವೂ ಬೇರೆ, ಎಲ್ಲವೂ ಬಿರುಸು. ಆ ಟೈರನ್ನು ಆ ಹೊಂದಾಣಿಕೆಯೊಂದಿಗೆ ಲೆಕ್ಕ ಹಾಕಿದ್ದಾರೆ. ಮಾಮೂಲಿ ಎಸ್2000ದ ಹಿಂದೆ ಮಾತ್ರ ಅದನ್ನು ತೂರಿಸಿದರೆ ಹಿಂದಿನ ಹಿಡಿತ ಹೆಚ್ಚಿ, ಮುಂದಿನ 215 ಮೊದಲು ಸೋಲುತ್ತದೆ. ಸ್ಟಿಯರಿಂಗ್ ತಿರುಗಿಸಿದಷ್ಟು ಮೂತಿ ತಿರುಗುವುದಿಲ್ಲ. ಈ ಕಾರನ್ನು ಕೊಳ್ಳುವುದೇ ಆ ಮೂತಿಯ ಚುರುಕಿಗಾಗಿ ಅಲ್ಲವೇ?

8.5 ಇಂಚು ಒಪ್ಪುತ್ತದೆ ಅನ್ನುವುದು ನಿಜ, ಆದರೆ ಅದು ಕೆಳಗಿನ ಕೊನೆಯ ಮೆಟ್ಟಿಲು. 255/40ರ ಅಗಲ ಅಳೆಯುವುದು 9 ಇಂಚಿನ ರಿಮ್ ಮೇಲೆ. ಅಲ್ಲಿ ಸುಮಾರು 260 ಮಿ.ಮೀ. ಬರುತ್ತದೆ. ರಿಮ್ ಅರ್ಧ ಇಂಚು ಕಿರಿದಾದರೆ ಟೈರ್ ಸುಮಾರು 5 ಮಿ.ಮೀ. ಕುಗ್ಗುತ್ತದೆ. ಅದೇ 8.5 ಇಂಚಿನ ರಿಮ್ಮಿನಲ್ಲಿ 245ರ ಅಗಲ 248 ಮಿ.ಮೀ. ಹತ್ತು ಮಿ.ಮೀ.ಗೆ ದುಡ್ಡು ಕೊಟ್ಟು ಏಳನ್ನು ಪಡೆಯುತ್ತೀರಿ, ಅದರಲ್ಲೂ ಒಂದಷ್ಟು ಬರೀ ಸೈಡ್‌ವಾಲ್ ಉಬ್ಬು. ಟೈರಿನ ಗೋಡೆ ಒಳಕ್ಕೆ ಬಾಗಿ, ನಡುಭಾಗ ಉಬ್ಬುತ್ತದೆ. ತಿರುವಿಗೆ ಹೊಕ್ಕ ಕ್ಷಣದಲ್ಲಿ ಗೋಡೆ ವಾಲಿ ಆಮೇಲೆ ರಬ್ಬರ್ ಹಿಡಿಯುತ್ತದೆ. ಗಾಳಿ ಇಳಿಸಿ ನಡುವಿನ ಸವೆತ ತಪ್ಪಿಸಿದರೆ ಆ ವಾಲಾಟ ಇನ್ನೂ ಹೆಚ್ಚು. ಸುಣ್ಣದ ಗೆರೆಯ ಪರೀಕ್ಷೆ ಇದನ್ನು ಹೇಳುವುದಿಲ್ಲ.

ಹಿಂದೆ ಮಾತ್ರ ಬದಲಿಸಿದವರ ಕಾರಿನಲ್ಲಿ ಹಿಂದು-ಮುಂದಿನ ವ್ಯಾಸದ ಅಂತರ ಶೇ. 0.4ರಿಂದ 1.7ಕ್ಕೆ ಹಾರುತ್ತದೆ. ಎಬಿಎಸ್ ಕೆಲಸ ಮಾಡುವುದೇ ಚಕ್ರಗಳ ವೇಗ ಹೋಲಿಸಿ. ನಂತರದ ಮಾದರಿಗಳಲ್ಲಿ ಕಾರು ಜಾರದಂತೆ ತಡೆಯುವ ವಿಎಸ್‌ಎ ಕೂಡ ಇದೆ. ಈ ಅಂತರ ಅವುಗಳ ಲೆಕ್ಕ ತಪ್ಪಿಸಬಹುದು. ನಿಂತ ನೀರಿನಲ್ಲಿ ಅಗಲ ಟೈರ್ ಬೇಗ ತೇಲುತ್ತದೆ ಅನ್ನುವುದು ಬೇರೆ.

16 ಇಂಚಿನ ಹಳೆಯ ಕಾರಿನವರಂತೂ ಈ ಚರ್ಚೆಗೇ ಬರಬೇಡಿ. ನಿಮ್ಮ ಹಿಂದಿನ ರಿಮ್ 7.5 ಇಂಚು, ಅದಕ್ಕೆ 245/45 ಆರ್16 ಕೊನೆಯ ಮಿತಿ.

ಹಿಡಿತವೇ ಬೇಕಿದ್ದರೆ 245 ಅಳತೆಯಲ್ಲೇ ಮೆತ್ತನೆ ರಬ್ಬರಿನ ಒಳ್ಳೆಯ ಟೈರ್ ತೆಗೆದುಕೊಂಡು, ಹಿಂದಿನ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸರಿ ಮಾಡಿಸಿ. ಒಳಅಂಚು ಮೊದಲು ಸವೆಯುವ ಈ ಕಾರಿನಲ್ಲಿ ಟೋ ತಪ್ಪಿದ್ದರೆ, 255 ಹಾಕಿದರೂ ನೆಲ ಮುಟ್ಟುವುದು ಅದೇ ಒಳಅಂಚು.